ಆಲಿಕಲ್ಲು ಬಿದ್ದ ದಿನ ರೊಟ್ಟಿ ಹುಡುಕಿಕೊಂಡು ಹೋದದ್ದು

ಮಸ್ಕತ್ತಿನ ಹಮ್ರಿಯಾದಲ್ಲಿ ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ. ಆದರೆ ಹಮ್ರಿಯಾವನ್ನು ಕಾಲ್ನಡಿಗೆಯಲ್ಲಿ ನೋಡಿದ್ದು ಒಂದೇ ದಿನ, ಅದೂ ಆಕಾಶದಿಂದ ಕಲ್ಲು ಬೀಳುವಾಗ.

ಇಲ್ಲಿ ನಡೆಯುವವರು ಇಲ್ಲ ಅಂತಲ್ಲ. ಬೇಕಾದಷ್ಟು ಮಂದಿ ನಡೆಯುತ್ತಾರೆ. ನಾನು ನಡೆಯುವುದಿಲ್ಲ, ಅಷ್ಟೆ. ಕೊತ್ತಂಬರಿ ಸೊಪ್ಪು ತರಲಿಕ್ಕೂ ಕಾರು ತೆಗೆಯುವವಳು ನಾನು. ಬೆಳಿಗ್ಗೆ ಬಿಲ್ಡಿಂಗಿನ ಕೆಳಗಿಂದ ಕಾರು ಹತ್ತಿದರೆ ಇಳಿಯುವುದು ವಾದಿ ಕಬೀರಿನಲ್ಲಿ, ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯ ಆಫೀಸಿನ ಎದುರು. ಸಂಜೆ ಅಲ್ಲಿಂದ ಹತ್ತಿ ಇಲ್ಲಿ ಇಳಿಯುವುದು. ನಡುವೆ ಇರುವ ಹಮ್ರಿಯಾ ಅಂದರೆ ನನಗೆ ಕಾರಿನ ಗಾಜಿನ ಆಚೆ ಕಾಣುವ ಬೋರ್ಡುಗಳು ಮತ್ತು ಪಾರ್ಕಿಂಗ್ ಸಿಗದ ಜಗಳ. ಗಂಡನಿಗೆ ಒಂದೂವರೆ ಗಂಟೆ ದಾರಿಯ ನಿಜ್ವಾದಲ್ಲಿ ಕೆಲಸ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಸಂಜೆ ಬರುತ್ತಾರೆ, ಶನಿವಾರ ಸಂಜೆ ವಾಪಸು ಹೋಗುತ್ತಾರೆ. ಅವರೂ ನಡೆಯುವವರಲ್ಲ.

ನನ್ನ ಬಗ್ಗೆ ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊರಿನಿಂದ ಕೋರಿ ರೊಟ್ಟಿ ಒಡೆಯದ ಹಾಗೆ ತರುವುದರಲ್ಲಿ ನನ್ನನ್ನು ಮೀರಿಸಿದವರು ಇಲ್ಲಿ ಇಲ್ಲ. ಕೋಳಿ ಸಾರಿಗೆ ಮುರಿದು ಹಾಕಿ ತಿನ್ನುವ ಆ ಅಕ್ಕಿ ರೊಟ್ಟಿ ಹಪ್ಪಳಕ್ಕಿಂತ ತೆಳು. ಮುಟ್ಟಿದರೆ ಪುಡಿ. ಉಳಿದವರ ಪೆಟ್ಟಿಗೆ ತೆರೆದರೆ ರೊಟ್ಟಿ ರವೆಯಾಗಿರುತ್ತದೆ. ನನ್ನದು ಕಾರ್ಖಾನೆಯಿಂದ ಹೊರಟ ಹಾಗೆಯೇ ಇಳಿಯುತ್ತದೆ. ಕೆಳಗೊಂದು ರಟ್ಟು, ಮೇಲೊಂದು ರಟ್ಟು, ಸುತ್ತ ಟೇಪು, ಸುತ್ತಲೂ ನೈಟಿಗಳು. ರಜೆ ಮುಗಿಸಿ ಬಂದ ಮರುದಿನ ಗುರುತಿನವರ ಮನೆಗೆಲ್ಲ ಒಂದೊಂದು ಕಟ್ಟು ಹಂಚಬೇಕು. ಹಂಚದಿದ್ದರೆ ಊರಿಗೆ ಹೋಗಿ ಬಂದದ್ದೇ ಲೆಕ್ಕಕ್ಕಿಲ್ಲ. ಇದು ಇಲ್ಲಿನ ನಮ್ಮ ಕ್ರಮ. ಈ ಕ್ರಮ ಮತ್ತು ನನ್ನ ಜಂಬ, ಎರಡೂ ಸೇರಿ ಒಂದು ಹುಡುಗಿಯ ಬಾಳು ಹಾಳು ಮಾಡುವುದರಲ್ಲಿತ್ತು.

ಹುಡುಗಿ ಕಾರ್ಕಳ ಕಡೆಯವಳು. ನರ್ಸಿಂಗ್ ಪಾಸಾದವಳು. ಆದರೆ ಇಲ್ಲಿ ಎರಡು ವರ್ಷದಿಂದ ಒಬ್ಬರ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಹಮ್ರಿಯಾದ ಹಿಂದಿನ ಬದಿಯಲ್ಲಿ ಮತ್ತಿಬ್ಬರ ಜೊತೆ ಒಂದು ರೂಮಿನಲ್ಲಿದ್ದಳು. ಕೊನೆಗೂ ನಿಜ್ವಾದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಒಂದೇ ಷರತ್ತು, ಒರಿಜಿನಲ್ ಸರ್ಟಿಫಿಕೇಟು ತಂದು ತೋರಿಸಬೇಕು. ಅದು ಸೀಲು ಹಾಕಿಸಲಿಕ್ಕೆ ಊರಿಗೆ ಹೋಗಿತ್ತು. ಇವಳು ಎರಡು ಸಲ ಅವಧಿ ಕೇಳಿದ್ದಳು, ಅವರೂ ಎರಡು ಸಲ ಕೊಟ್ಟಿದ್ದರು. ಕೊನೆಯ ದಿನ ಆ ಭಾನುವಾರ ಬೆಳಿಗ್ಗೆ. ಅದು ದಾಟಿದರೆ ಖಲಾಸ್, ಕೆಲಸ ಮುಂದಿನವರಿಗೆ.

ನಾನು ಊರಲ್ಲಿದ್ದಾಗ ಅವಳ ತಾಯಿ ಎರಡು ಬಸ್ಸು ಬದಲಿಸಿ ಉಡುಪಿಯ ನಮ್ಮ ಮನೆಗೆ ಬಂದರು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸು. ಕೂತುಕೊಳ್ಳಿ ಅಂದರೆ ಕೂರಲಿಲ್ಲ. ಪ್ಲಾಸ್ಟಿಕ್ ಕವರಿನೊಳಗೆ ಸರ್ಟಿಫಿಕೇಟು, ಅದರ ಜೊತೆ ಒಂದು ಚೀಟಿಯಲ್ಲಿ ಮಗಳ ಫೋನ್ ನಂಬರು. "ಅಕ್ಕಾ, ಇದು ಮಡಚಬಾರದಂತೆ," ಅಂದರು. ಅದೊಂದೇ ಮಾತು ಮೂರು ಸಲ ಹೇಳಿದರು. ಗಂಡ ಫೋನಿನಲ್ಲಿ, "ಕೈಚೀಲದಲ್ಲಿ ಇಟ್ಟುಕೋ ಮಾರಾಯ್ತಿ," ಅಂದರು. ಕೈಚೀಲದಲ್ಲಿ ಇಟ್ಟರೆ ಮಡಚುವುದಿಲ್ಲವಾ? ನನಗೆ ಬುದ್ಧಿ ಹೇಳಲಿಕ್ಕೆ ಬರುತ್ತಾರೆ. ರೊಟ್ಟಿಯನ್ನೇ ಒಡೆಯದೆ ತರುವ ನನಗೆ ಒಂದು ಕಾಗದ ಮಡಚದೆ ತರುವುದು ಯಾವ ಲೆಕ್ಕ? ಎರಡು ಕಟ್ಟು ರೊಟ್ಟಿಯ ನಡುವೆ ಸರ್ಟಿಫಿಕೇಟು ಇಟ್ಟೆ, ಸುತ್ತ ಗಟ್ಟಿ ಟೇಪು ಸುತ್ತಿದೆ. ತಾಯಿ ನೋಡುತ್ತಾ ನಿಂತಿದ್ದರು. ಅವರಿಗೆ ಸಮಾಧಾನವಾಯಿತು. ನನಗಂತೂ ನನ್ನ ಬುದ್ಧಿಯ ಮೇಲೆ ಬಹಳ ಮೆಚ್ಚುಗೆಯಾಯಿತು.

ಬುಧವಾರ ಮಸ್ಕತ್ತಿಗೆ ಬಂದು ಇಳಿದೆ, ಅದೇ ದಿನ ಆಫೀಸು. ಗುರುವಾರ ಬೆಳಿಗ್ಗೆ ರೊಟ್ಟಿ ಹಂಚಿದೆ. ಕಾರಿನಿಂದ ಇಳಿಯಲೂ ಇಲ್ಲ, ಹಾರ್ನು ಹೊಡೆದು ಕಿಟಕಿಯಿಂದಲೇ ಕೊಟ್ಟದ್ದು. ಸರ್ಟಿಫಿಕೇಟು ಕಪಾಟಿನಲ್ಲಿ ಉಂಟು ಅಂತ ನನ್ನ ಮನಸ್ಸು ಆಣೆ ಹಾಕಿ ಹೇಳುತ್ತಿತ್ತು. ಕಪಾಟಿನಲ್ಲಿ ಬೀಗ ಹಾಕಿ ಇಟ್ಟದ್ದು ನನ್ನ ಪಾಸ್‌ಪೋರ್ಟಿನ ಫೈಲು.

ಶುಕ್ರವಾರ ಇಗರ್ಜಿಯಿಂದ ಬಂದು ಮನೆಯಲ್ಲಿ ಊಟ. ನಮ್ಮ ಕಡೆಯ ಎರಡು ಸಂಸಾರ, ಜೊತೆಗೆ ಈ ಹುಡುಗಿ. ಕೋರಿ ರೊಟ್ಟಿಯೇ ಮಾಡಿದ್ದೆ. ಅವಳು ಬಟ್ಟಲಿನ ಎದುರು ಕೂತು ಮೆತ್ತಗೆ, "ಆಂಟಿ, ಆ ಸರ್ಟಿಫಿಕೇಟು..." ಅಂತ ಬಾಯಿ ತೆರೆದಳು.

ನಾನು ಬಿಟ್ಟರೆ ತಾನೆ. "ಕಪಾಟಿನಲ್ಲಿ ಉಂಟು. ಬೀಗ ಹಾಕಿ ಇಟ್ಟಿದ್ದೇನೆ. ಈಗ ಕೇಳಬೇಡ, ಕೊಡುವುದಿಲ್ಲ. ಇವತ್ತು ಕೊಟ್ಟರೆ ನಾಳೆಯೊಳಗೆ ನೀನು ಎಲ್ಲಿಯೋ ಬಿಟ್ಟು ಬರ್ತಿ. ನಾಳೆ ಸಂಜೆ ಅಂಕಲ್ ಜೊತೆ ನಿಜ್ವಾಕ್ಕೆ ಹೊರಡುವಾಗ ಕೈಗೆ ಕೊಡ್ತೇನೆ," ಅಂದೆ. ಅಷ್ಟಕ್ಕೇ ನಿಲ್ಲಿಸಿದೆನಾ? ಇಲ್ಲ. ಈಗಿನ ಮಕ್ಕಳಿಗೆ ಜಾಗ್ರತೆ ಅಂದರೆ ಏನೆಂದೇ ಗೊತ್ತಿಲ್ಲ, ಮೊಬೈಲು ಒಂದು ಬಿಟ್ಟರೆ ಬೇರೆ ಯಾವುದರ ನೆನಪೂ ಇರುವುದಿಲ್ಲ, ತಾಯಿ ಎಷ್ಟು ಕಷ್ಟಪಟ್ಟು ತಂದುಕೊಟ್ಟರು, ಹೀಗೆ ಎರಡನೇ ಸಲ ಸಾರು ಬಡಿಸುವವರೆಗೂ ಪಾಠ ಹೇಳಿದೆ. ಬಂದವರೆಲ್ಲ ಹೌದು ಹೌದು ಅಂದರು. ಹುಡುಗಿ ತಲೆ ಬಗ್ಗಿಸಿ ರೊಟ್ಟಿ ತಿಂದಳು. ರಾತ್ರಿ ಒಂದು ಸಲ ಫೋನ್ ಮಾಡಿದಳು. "ನಾಳೆ, ನಾಳೆ," ಅಂತ ಇಟ್ಟುಬಿಟ್ಟೆ.

ಶನಿವಾರ ಊಟ ಮುಗಿಸಿ ಗಂಡ ಕಾರಿನ ಬ್ರೇಕು ನೋಡಿಸಲಿಕ್ಕೆ ವಾದಿ ಕಬೀರಿನ ಗ್ಯಾರೇಜಿಗೆ ಹೋದರು. ಐದು ಗಂಟೆಗೆ ಹೊರಡುವುದು ಅಂತ ನಿರ್ಧಾರ. ಆಕಾಶ ಹೊಗೆ ಹಿಡಿದ ಪಾತ್ರೆಯ ತಳದ ಹಾಗೆ ಕಪ್ಪಾಗಿತ್ತು. ಸರ್ಟಿಫಿಕೇಟು ತೆಗೆದಿಡುವಾ ಅಂತ ಕಪಾಟು ತೆರೆದೆ. ಪಾಸ್‌ಪೋರ್ಟಿನ ಫೈಲು. ಅದರ ಕೆಳಗೆ ಸೀರೆ. ಸೀರೆಯ ಕೆಳಗೆ ಏನೂ ಇಲ್ಲ. ಆಗ ನೆನಪಾಯಿತು, ರೊಟ್ಟಿ. ಎರಡು ಕಟ್ಟು ಸೇರಿಸಿ ಟೇಪು ಹಾಕಿದ್ದು ಒಂದೇ ಇತ್ತು, ದಪ್ಪದ್ದು. ಇದು ದೊಡ್ಡದುಂಟು, ಟೈಲರಿಗಿರಲಿ ಅಂತ ನಾನೇ ಆರಿಸಿ ಕೊಟ್ಟಿದ್ದೆ. ಕಳೆದ ವರ್ಷ ಆ ಮನುಷ್ಯ ನನ್ನ ರವಿಕೆ ಹೊತ್ತಿಗೆ ಸರಿಯಾಗಿ ಹೊಲಿದು ಕೊಟ್ಟಿದ್ದ.

ಟೈಲರಿಗೆ ಫೋನ್ ಹಚ್ಚಿದೆ. ಅದೇ ಹೊತ್ತಿಗೆ ಕರೆಂಟು ಹೋಯಿತು, ಅದರ ಹಿಂದೆಯೇ ನೆಟ್‌ವರ್ಕು. ಆಮೇಲೆ ಬಾಲ್ಕನಿಯ ತಗಡಿನ ಮೇಲೆ ಯಾರೋ ಗೋಣಿಗಟ್ಟಲೆ ಜಲ್ಲಿ ಸುರಿದ ಹಾಗೆ ಸದ್ದು. ಆಲಿಕಲ್ಲು. ಊರಲ್ಲಿ ಮೇ ತಿಂಗಳ ಮಳೆಗೆ ನಾಲ್ಕು ಕಲ್ಲು ಬಿದ್ದದ್ದು ನೋಡಿದ್ದೇನೆ. ಇದು ಹಾಗಲ್ಲ. ಐದೇ ನಿಮಿಷದಲ್ಲಿ ಕೆಳಗಿನ ಕಾರುಗಳು, ಕಸದ ಡಬ್ಬಗಳು, ಅಂಗಡಿಯ ಟೊಮೆಟೊ ಬಾಕ್ಸುಗಳು, ಎಲ್ಲ ಬೆಳ್ಳಗೆ. ಪಕ್ಕದ ಫ್ಲಾಟಿನ ಮಕ್ಕಳು ಕಿಟಕಿಯಿಂದ, "ಮಮ್ಮಿ, ಸ್ನೋ ಫಾಲಿಂಗ್," ಅಂತ ಕೂಗುತ್ತಿದ್ದವು. ಅವಕ್ಕೆ ಹಬ್ಬ.

ಗಂಡ ಬರುವ ಮೊದಲು ಅದು ಸಿಗಬೇಕು, ಇದೊಂದೇ ತಲೆಯಲ್ಲಿ. ನನ್ನ ಕಾರನ್ನು ಗುರುವಾರ ಸಂಜೆಯೇ ಸರ್ವಿಸಿಗೆ ಬಿಟ್ಟಿದ್ದೆ. ಇದ್ದರೂ ರಸ್ತೆಯಲ್ಲಿ ಮೊಣಕಾಲಿನವರೆಗೆ ನೀರು. ಕೈಚೀಲ ಹೆಗಲಿಗೆ ಹಾಕಿ, ಚಪಾತಿ ಹಿಟ್ಟು ಕಲಸುವ ಅಲ್ಯುಮಿನಿಯಂ ಬೋಗುಣಿಯನ್ನು ತಲೆಯ ಮೇಲೆ ಕವುಚಿ ಹೊರಟೆ. ನಗಬೇಡಿ. ಛತ್ರಿ ಇಲ್ಲಿ ಯಾರ ಮನೆಯಲ್ಲಿ ಇರುತ್ತದೆ?

ಕೆಳಗೆ ಇಳಿದ ಕೂಡಲೆ ಒಂದು ವಿಷಯ ಗೊತ್ತಾಯಿತು. ಟೈಲರಿನ ಅಂಗಡಿಗೆ ದಾರಿ ನನಗೆ ಗೊತ್ತಿಲ್ಲ. ಕಾರಿನಲ್ಲಿ ಹೋಗುವ ಒನ್‌ವೇ ಸುತ್ತು ಗೊತ್ತು, ಅಷ್ಟೆ. ನಮ್ಮ ಬಿಲ್ಡಿಂಗಿನ ಹಿಂದೆಯೇ ಒಂದು ಸಂದಿ ಉಂಟು, ಅದು ನೇರ ಅಲ್ಲಿಗೇ ಹೋಗುತ್ತದೆ ಅಂತ ವಾಚ್‌ಮನ್ ತೋರಿಸಿದ. ಹದಿನೇಳು ವರ್ಷ ನಾನು ಆ ಸಂದಿಗೆ ಬೆನ್ನು ಹಾಕಿ ಬಟ್ಟೆ ಒಣಗಿಸಿದ್ದೇನೆ.

ಸಂದಿಯೊಳಗೆ ಎಷ್ಟೊಂದು ಸಂಸಾರ. ಒಂದು ಸಣ್ಣ ಕ್ಷೌರದಂಗಡಿ, ಬಾಗಿಲಲ್ಲಿ ಬಂಗಾಳಿ ಕ್ಷೌರಿಕ ನಿಂತು ಹೋಗುವವರನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿದ್ದ. ಒಳಗೆ ಎಂಟು ಹತ್ತು ಮಂದಿ, ಒಬ್ಬನಿಗೂ ಕೂದಲು ಕತ್ತರಿಸುವುದಿಲ್ಲ, ಸುಮ್ಮನೆ ತಲೆ ಒರೆಸಿಕೊಳ್ಳಲಿಕ್ಕೆ ಟವೆಲು ಕೊಡುತ್ತಿದ್ದಾನೆ. ನನ್ನ ಬೋಗುಣಿ ನೋಡಿ, "ಆಪ್ ಕಾ ಹೆಲ್ಮೆಟ್ ಅಚ್ಛಾ ಹೈ," ಅಂದ. ಬೇರೆ ದಿನವಾಗಿದ್ದರೆ ಅವನಿಗೆ ಒಂದು ಕೊಡುತ್ತಿದ್ದೆ. ಆ ದಿನ ಬೋಗುಣಿಯ ಕೆಳಗಿನಿಂದ ನಕ್ಕುಬಿಟ್ಟೆ.

ಮುಂದೆ ಸಂದಿ ರಸ್ತೆಗೆ ಸೇರುವಲ್ಲಿ ಒಂದು ನೀಲಿ ಬಾಗಿಲು. ಕಾರಿನಿಂದ ನೋಡುವಾಗ ಅದು ಯಾರದೋ ಗೋಡೌನು ಅಂತ ನನ್ನ ಲೆಕ್ಕ. ಬಾಗಿಲು ತೆರೆದಿತ್ತು. ಒಳಗೆ ಅಂಗಳ, ಅಂಗಳದಲ್ಲಿ ಒಂದು ನಿಂಬೆ ಗಿಡ, ಗಿಡದ ಬುಡದ ಸುತ್ತ ಬೆಳ್ಳಗೆ ಆಲಿಕಲ್ಲು. ಹೊಸ್ತಿಲಲ್ಲಿ ಒಬ್ಬ ಒಮಾನಿ ಅಜ್ಜ ಕೂತು, ಕಾಫಿ ಕುಡಿಯುವ ಸಣ್ಣ ಕಪ್ಪಿನಲ್ಲಿ ಕಲ್ಲು ಹೆಕ್ಕಿ ತುಂಬಿಸುತ್ತಿದ್ದರು. ನಮ್ಮ ಊರಲ್ಲಿ ಮಳೆ ಬಂದರೆ ಜನ ಒಳಗೆ ಓಡುತ್ತಾರೆ, ಇಲ್ಲಿನವರು ಹೊರಗೆ ಓಡಿ ಬರುತ್ತಾರೆ. ಅಜ್ಜ ನನ್ನನ್ನು ನೋಡಿ, "ರಹ್ಮಾ, ರಹ್ಮಾ," ಅಂದರು, ದೇವರ ಕರುಣೆ ಅಂತ. ಕಪ್ಪು ಚಾಚಿದರು. ನಾನು ಒಂದು ಕಲ್ಲು ತೆಗೆದು ಬಾಯಿಗೆ ಹಾಕಿಕೊಂಡೆ. ಹಲ್ಲು ಜುಮ್ಮೆಂದಿತು. ನನ್ನ ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಇಂಥ ಒಂದು ಅಂಗಳ ಉಂಟು ಅಂತ ಗೊತ್ತಿಲ್ಲದೆ ನಾನು ಹಮ್ರಿಯಾದಲ್ಲಿ ಏನೂ ಇಲ್ಲ ಅಂತ ಊರಿಗೆ ಹೋದಾಗಲೆಲ್ಲ ಹೇಳಿಕೊಂಡು ಬಂದಿದ್ದೇನೆ. ನಾಚಿಕೆಯಾಯಿತು. ಆದರೆ ನಾಚಿಕೆಪಡಲಿಕ್ಕೆ ಹೊತ್ತಿಲ್ಲ.

ಟೈಲರಿನ ಅಂಗಡಿಯ ಎದುರು ಹೋಗಿ ನೋಡಿದರೆ ರಸ್ತೆಯೇ ಇಲ್ಲ. ಹಿಂದಿನ ಕಲ್ಲುಗುಡ್ಡದ ನೀರೆಲ್ಲ ಇಳಿದು ಅಲ್ಲಿ ಕೆಂಪಗೆ ಓಡುತ್ತಿತ್ತು, ಮೇಲೆ ಆಲಿಕಲ್ಲು ತೇಲುತ್ತಿತ್ತು. ಈ ಬದಿಯಲ್ಲಿ ಕೆಲವರು, ಆ ಬದಿಯಲ್ಲಿ ಕೆಲವರು. ಟೈಲರು ಉಳ್ಳಾಲ ಕಡೆಯ ಬ್ಯಾರಿ, ಅರವತ್ತರ ಹತ್ತಿರದ ಮನುಷ್ಯ. ಅಂಗಡಿಯಿಂದ ಬಿಳಿ ಬಟ್ಟೆಯ ಒಂದು ಇಡೀ ಥಾನು ಹೊರಗೆ ತಂದಿದ್ದರು. ಅರಬರ ಉದ್ದನೆಯ ಅಂಗಿ ಹೊಲಿಯುವ ಒಳ್ಳೆಯ ಬಟ್ಟೆ. ಅದರ ಒಂದು ತುದಿಯನ್ನು ತಮ್ಮ ಶಟರಿನ ಕೊಂಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ಆಚೆ ನಿಂತ ಪಿಕಪ್ಪಿನ ಬಂಪರಿಗೆ ಕಟ್ಟಿಸಿದ್ದರು. ಜನ ಅದನ್ನು ಹಿಡಿದು ಒಬ್ಬೊಬ್ಬರೇ ನೀರು ದಾಟುತ್ತಿದ್ದರು. ಪಠಾಣ ಮೇಸ್ತ್ರಿಯೊಬ್ಬ ನಡುನೀರಿನಲ್ಲಿ ನಿಂತು, "ಯಲ್ಲಾ, ಯಲ್ಲಾ," ಬನ್ನಿ ಬನ್ನಿ ಅಂತ ಎಲ್ಲರ ಕೈ ಹಿಡಿದು ದಾಟಿಸುತ್ತಿದ್ದ. ಯಾರೂ ಅವರಿಗೆ ಹೇಳಿದ್ದಲ್ಲ. ಯಾರೂ ಫೋಟೋ ತೆಗೆಯುತ್ತಲೂ ಇರಲಿಲ್ಲ.

"ಬಟ್ಟೆ ಹಾಳಾಯ್ತಲ್ಲ," ಅಂದೆ.

"ಒಗೆದರೆ ಆಯ್ತು ಬಾಯಮ್ಮ," ಅಂದರು ಟೈಲರು. "ನೀವು ಎಂತ ಈ ಮಳೆಗೆ? ನಡೆದುಕೊಂಡು ಬಂದದ್ದಾ?" ಕಲ್ಲು ಮಳೆಗಿಂತ ನಾನು ನಡೆದದ್ದೇ ಅವರಿಗೆ ದೊಡ್ಡ ಆಶ್ಚರ್ಯ.

"ಗುರುವಾರ ರೊಟ್ಟಿ ಕೊಟ್ಟಿದ್ದೆ. ತಿಂದಿರಾ?"

ಅವರು ಸ್ವಲ್ಪ ಸಂಕೋಚಪಟ್ಟರು. "ನಾನೊಬ್ಬನೇ ಇರುವವ. ಎರಡು ಕಟ್ಟು ಸೇರಿಸಿ ಕೊಟ್ಟಿದ್ರಿ. ಟೇಪು ಕೂಡ ಬಿಚ್ಚಲಿಲ್ಲ, ಹಾಗೆಯೇ ಮೆಸ್ಸಿಗೆ ಕೊಟ್ಟೆ. ಅಲ್ಲಿ ನಮ್ಮ ಕಡೆಯ ಹನ್ನೆರಡು ಮಂದಿ ಇದ್ದಾರಲ್ಲ. ಬೇಜಾರು ಮಾಡಬೇಡಿ."

ಬೇಜಾರು? ಅಳುವುದೊಂದು ಬಾಕಿ. "ಮೆಸ್ಸು ಎಲ್ಲಿ?"

ಅವರು ನೀರಿನ ಆಚೆ, ಗುಡ್ಡದ ಬುಡಕ್ಕೆ ಕೈ ತೋರಿಸಿದರು. ನನಗೆ ಈಜು ಬರುವುದಿಲ್ಲ. ಸಮುದ್ರದ ಪಕ್ಕ ಹುಟ್ಟಿದರೂ ನೀರು ಅಂದರೆ ಹೆದರಿಕೆ. ಬೋಗುಣಿ ಟೈಲರಿನ ಕೈಗೆ ಕೊಟ್ಟು, ಚಪ್ಪಲಿ ಕೈಚೀಲಕ್ಕೆ ಹಾಕಿ, ಆ ಬಟ್ಟೆ ಹಿಡಿದೆ. ನೀರು ಐಸಿನಷ್ಟು ತಣ್ಣಗೆ, ಕಾಲಿನ ಕೆಳಗೆ ಕಲ್ಲು ಜಾರುತ್ತದೆ. ಪಠಾಣ ನನ್ನ ಮುಖ ನೋಡಿ, "ಡರೋ ಮತ್ ಅಮ್ಮಾ, ಹಮ್ ಹೈ," ಅಂದ. ಅವನಿಗೂ ನನಗೂ ಹೆಚ್ಚೆಂದರೆ ಹತ್ತು ವರ್ಷದ ಅಂತರ, ಅಮ್ಮ ಅಂದ. ಆದರೂ ಆ ಕೈ ಬಿಡಲಿಲ್ಲ ನಾನು.

ದಾಟುವಾಗ ನನ್ನ ತಲೆಯಲ್ಲಿ ಇದ್ದದ್ದು ಆ ತಾಯಿ. ಹನ್ನೆರಡು ಮಂದಿ ಹಸಿದ ಗಂಡಸರು ಒಂದು ಕಟ್ಟು ಬಿಚ್ಚಿದರೆ ರಟ್ಟು, ಟೇಪು, ಕವರು, ಎಲ್ಲ ಒಟ್ಟಿಗೆ ಕಸದ ಡಬ್ಬಕ್ಕೆ. ಗುರುವಾರದ ಕಸ ಶುಕ್ರವಾರ ಹೋಗಿಯಾಗಿದೆ. ಮಡಚಬಾರದು ಅಂತ ಮೂರು ಸಲ ಹೇಳಿದ ಹೆಂಗಸಿಗೆ ನಾನು ಯಾವ ಬಾಯಿಯಲ್ಲಿ ಹೇಳುವುದು, ಮಡಚಲಿಲ್ಲ, ಹಂಚಿದೆ ಅಂತ?

ಮೆಸ್ಸು ಅಂದರೆ ಒಂದು ಹಳೆಯ ಮನೆ. ಕುಂದಾಪುರ ಕಡೆಯ ಅಡುಗೆಯವನು ಗ್ಯಾಸಿನ ಮುಂದೆ ನಿಂತು ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಸುತ್ತಿದ್ದ. ಮೆಸ್ಸಿನವರು ಮಾತ್ರ ಅಲ್ಲ, ಬೀದಿಯಲ್ಲಿ ಒದ್ದೆಯಾದ ಯಾರು ಬಂದರೂ ಒಂದು ಲೋಟ. "ಹ್ವಾಯ್, ಒಳಗ್ ಬನಿ, ಚಳಿ ಆತ್ತ್," ಅಂದ. ಲೋಟ ಕೈಗಿಟ್ಟ. ನಾನು ನಿಂತಲ್ಲೇ ಕೇಳಿದೆ, "ಟೈಲರು ಕೊಟ್ಟ ರೊಟ್ಟಿಯ ಒಳಗೆ ಒಂದು ಕಾಗದ ಇತ್ತಾ?"

"ಸರ್ಟಿಫಿಕೇಟಾ? ಇದ್ದಿತ್ತ್." ಅವನು ಲೋಟಗಳನ್ನು ತೊಳೆಯುತ್ತಾ ಆರಾಮವಾಗಿ ಹೇಳಿದ. "ಚೀಟಿಯಲ್ಲಿ ನಂಬರಿತ್ತ್, ಫೋನ್ ಮಾಡ್ದೆ. ಗುರುವಾರ ಸಂಜೆಗೇ ಆ ಹೆಣ್ಣ್ ಬಂದ್ ತಕಂಡ್ ಹೋಯ್ತ್. ಓಡಿಕೊಂಡ್ ಬಂದದ್, ಕಾಣಿ. ಚಪ್ಪಲಿ ಸಮ ಇರಲಿಲ್ಲ ಕಾಲಿಗೆ."

ನಾನು ಅಲ್ಲಿದ್ದ ಅಕ್ಕಿ ಚೀಲದ ಮೇಲೆ ಕೂತುಬಿಟ್ಟೆ. ಗುರುವಾರ. ಗುರುವಾರ ಸಂಜೆಯೇ ಅವಳ ಕೈಗೆ ಸಿಕ್ಕಿತ್ತು. ಅಂದರೆ ಶುಕ್ರವಾರ ನನ್ನ ಮನೆಯ ಊಟಕ್ಕೆ ಬರುವಾಗ ಸರ್ಟಿಫಿಕೇಟು ಅವಳ ಹತ್ತಿರವೇ ಇತ್ತು. ಸಿಕ್ಕಿತು ಅಂತ ಹೇಳಲಿಕ್ಕೇ ಅವಳು ಬಾಯಿ ತೆರೆದದ್ದು. ನಾನು ಕಪಾಟು, ಬೀಗ, ಜಾಗ್ರತೆ ಅಂತ ಎರಡು ಸಂಸಾರದ ಎದುರು ಪುರಾಣ ಹೇಳಿದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅಂತ ನಮ್ಮಲ್ಲೊಂದು ಗಾದೆ ಉಂಟಲ್ಲ, ಅದು ನನಗೆಂದೇ ಮಾಡಿಟ್ಟದ್ದು.

"ಟೈಲರಿಗೆ ಯಾಕೆ ಹೇಳಲಿಲ್ಲ ನೀವು?" ಅಂತ ಅವನ ಮೇಲೆ ಹಾರಿದೆ. ಯಾರ ಮೇಲಾದರೂ ಹಾರಬೇಕಿತ್ತು.

"ಹೆಣ್ಣೇ ಹೇಳಿತ್ತ್ ಅಲ್ದಾ, ಯಾರಿಗೂ ಹೇಳ್ಬೇಡಿ, ತಂದ ಆಂಟಿಗೆ ಬೇಜಾರಾತ್ತ್, ನಾನೇ ಹೇಳ್ತೆ ಅಂದ್ಕಂಡ್," ಅಂದ. ನನ್ನ ಲೋಟ ಖಾಲಿಯಾಗಿತ್ತು, ಅದಕ್ಕೆ ಮತ್ತೆ ಚಹಾ ಹೊಯ್ದ.

ಎರಡನೆಯ ಲೋಟ ಕುಡಿಯುವಾಗ ಕಲ್ಲು ನಿಂತು ಬರೀ ಮಳೆ ಉಳಿಯಿತು. ಅಡುಗೆಯವನು ಹುಡುಗಿಯ ಬಿಲ್ಡಿಂಗು ತೋರಿಸಿದ. ಅದು ನಾಲ್ಕು ಮನೆ ಆಚೆ, ಮೂರನೇ ಮಾಳಿಗೆ. ಮೆಟ್ಟಿಲು ಹತ್ತುವಾಗ ನನ್ನೊಳಗೆ ಇನ್ನೊಂದು ಲೆಕ್ಕ ಶುರುವಾಯಿತು. ಸರ್ಟಿಫಿಕೇಟು ಸಿಕ್ಕಿದೆ. ಹುಡುಗಿ ಬಾಯಿ ಬಿಡುವವಳಲ್ಲ. ಅಡುಗೆಯವನಿಗೆ ನನ್ನ ಗುರುತಿಲ್ಲ. ಸುಮ್ಮನೆ, ಮಳೆಯಲ್ಲವಾ, ನಿನ್ನನ್ನು ಕರೆದುಕೊಂಡು ಹೋಗಲಿಕ್ಕೆ ಬಂದೆ ಅಂದರೆ ಮುಗಿಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ, ನನ್ನ ಮರ್ಯಾದೆಯೂ ಉಳಿಯುತ್ತದೆ. ಸುಳ್ಳು ಹೇಳುವುದಿಲ್ಲ, ನಿಜಕ್ಕೂ ಹೀಗೆ ಯೋಚಿಸಿದೆ. ಮೂರು ಮಾಳಿಗೆ ಹತ್ತುವವರೆಗೂ ಇದನ್ನೇ ಯೋಚಿಸಿದೆ.

ಬಾಗಿಲು ತೆರೆದದ್ದು ಅವಳ ರೂಮಿನ ಹುಡುಗಿ. ಹಿಂದೆ ಇನ್ನೊಬ್ಬಳು. ಇಬ್ಬರೂ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಸೀರೆ ಮೊಣಕಾಲಿನವರೆಗೆ ಕೆಸರು, ಕಾಲಲ್ಲಿ ಚಪ್ಪಲಿ ಇಲ್ಲ, ಕೈಚೀಲದಿಂದ ನೀರು ಸೋರುತ್ತಿದೆ. ನಮ್ಮ ಹುಡುಗಿ ಬ್ಯಾಗು ಕಟ್ಟಿ ಮಂಚದ ಮೇಲೆ ಕೂತಿದ್ದವಳು ಎದ್ದು ನಿಂತಳು. ನನ್ನ ಮುಖ ನೋಡಿದಳು. ಒಂದೇ ಗಳಿಗೆ. ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಯಿತು. ನಾನು ಕಪಾಟು ತೆರೆದು ನೋಡಿದ್ದು, ಬೀದಿ ಅಲೆದದ್ದು, ಎಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವಳು ಬಂದು ನನ್ನ ಹೆಗಲಿನಿಂದ ಕೈಚೀಲ ತೆಗೆದುಕೊಂಡಳು. "ನನ್ನ ಸರ್ಟಿಫಿಕೇಟು ಕೊಡಲಿಕ್ಕೆ ಬಂದದ್ದು ಆಂಟಿ," ಅಂತ ಅವರಿಬ್ಬರಿಗೆ ಹೇಳಿದಳು. "ಈ ಕಲ್ಲು ಮಳೆಯಲ್ಲಿ ನಡೆದುಕೊಂಡು." ಕೈಚೀಲ ಹಿಡಿದು ಮಂಚದ ಮೇಲಿನ ತನ್ನ ಬ್ಯಾಗಿನ ಕಡೆ ತಿರುಗಿದಳು, ನಮಗೆಲ್ಲ ಬೆನ್ನು ಹಾಕಿ. ತಿರುಗಿದಾಗ ಕೈಯಲ್ಲಿ ಆ ಪ್ಲಾಸ್ಟಿಕ್ ಕವರು. "ನೋಡಿ, ಒಂದು ಮಡಿಕೆ ಇಲ್ಲ," ಅಂದಳು.

ಅವರಿಬ್ಬರೂ, "ಎಂಥಾ ಜನ ಮಾರಾಯ್ತಿ," ಅಂತ ನನ್ನ ಕಡೆ ಭಕ್ತಿಯಿಂದ ನೋಡಿದರು. ಇಪ್ಪತ್ತೈದು ವರ್ಷದ ಹುಡುಗಿ ಎರಡು ದಿನದಲ್ಲಿ ಎರಡು ಸಲ ನನ್ನ ಮರ್ಯಾದೆ ಉಳಿಸಿದಳು. ಮೊದಲ ಸಲ ತಲೆ ಬಗ್ಗಿಸಿ ಬೈಗುಳ ತಿಂದು, ಎರಡನೇ ಸಲ ಹೀಗೆ. ನಾನು ಅವಳ ವಯಸ್ಸಿನಲ್ಲಿ, ಬಿಡಿ, ಈ ವಯಸ್ಸಿನಲ್ಲೂ, ಇನ್ನೊಬ್ಬರಿಗೆ ಅಷ್ಟು ಮಾಡಿದ್ದು ನೆನಪಿಲ್ಲ.

"ಅದು ನಾನು ತಂದದ್ದಲ್ಲ," ಅಂದೆ. ಸ್ವರ ಜೋರಾಗಿಯೇ ಬಂತು, ನನಗೆ ಮೆತ್ತಗೆ ಮಾತಾಡಿ ಗೊತ್ತಿಲ್ಲ. "ಅದನ್ನು ನಾನು ಕಳೆದೆ. ರೊಟ್ಟಿಯ ನಡುವೆ ಇಟ್ಟು, ಮರೆತು, ರೊಟ್ಟಿಯ ಜೊತೆ ದಾನ ಮಾಡಿದೆ. ಗುರುವಾರದಿಂದ ಅದು ಇವಳ ಹತ್ತಿರವೇ ಉಂಟು. ನಿನ್ನೆ ನನ್ನ ಮನೆಯಲ್ಲಿ ಇವಳಿಗೆ ಜಾಗ್ರತೆ ಇಲ್ಲ ಅಂತ ಎಲ್ಲರ ಎದುರು ಬೈದದ್ದೂ ನಾನೇ. ಇವಳು ಒಂದು ಮಾತು ಆಡಲಿಲ್ಲ." ಆಮೇಲೆ ಅವಳ ಕಡೆ ತಿರುಗಿ, "ತಪ್ಪು ನನ್ನದು ಮಗಾ. ನಿನ್ನ ಅಮ್ಮನಿಗೂ ನಾನೇ ಹೇಳ್ತೇನೆ," ಅಂದೆ.

ಅವಳು ನಗಲು ಹೋದಳು, ಆಗಲಿಲ್ಲ. ಮುಖ ಅಳುವ ಹಾಗಾಯಿತು. "ಅಡುಗೆಯವರು ಫೋನ್ ಮಾಡಿದಾಗ ನನಗೆ ಜೀವವೇ ಹೋಗಿತ್ತು ಆಂಟಿ," ಅಂದಳು. "ಕೆಲಸ ಹೋದರೆ ಹೋಗಲಿ, ಅಮ್ಮನಿಗೆ ಏನು ಹೇಳುವುದು ಅಂತ. ಆಮೇಲೆ ಸಿಕ್ಕಿತು. ಸಿಕ್ಕಿದ ಮೇಲೆ ನಿಮ್ಮನ್ನು ಯಾಕೆ ನಾಲ್ಕು ಜನರ ಎದುರು ಸಣ್ಣ ಮಾಡುವುದು? ಕಾರಿನಲ್ಲಿ ಹೋಗುವಾಗ ಮೆತ್ತಗೆ ಹೇಳುವಾ ಅಂತಿದ್ದೆ."

ಗಂಟೆ ನಾಲ್ಕೂವರೆ. ಮಳೆ ಸಣ್ಣಗಾಗಿತ್ತು. ಗಂಡನ ಕಾರು ಆ ಬದಿಗೆ ಬರುವ ಹಾಗಿಲ್ಲ, ನಾವೇ ನೀರು ದಾಟಿ ರಸ್ತೆಗೆ ಹೋಗಬೇಕು. ಅವಳು ಬಟ್ಟೆಯ ಬ್ಯಾಗು ಬೆನ್ನಿಗೆ ಹಾಕಿದಳು, ಸರ್ಟಿಫಿಕೇಟು ಎದೆಗೆ ಅಪ್ಪಿಕೊಂಡಳು. ಅವಳ ರೂಮಿನವರು ಮೆಟ್ಟಿಲಿನವರೆಗೆ ಬಂದು ಕಳಿಸಿಕೊಟ್ಟರು. ಮೆಸ್ಸಿನ ಬಾಗಿಲಲ್ಲಿ ಅಡುಗೆಯವನು, "ಹೆಣ್ಣ್ ಸಿಕ್ತಾ ರೊಟ್ಟಿ ಆಂಟಿ?" ಅಂತ ನನ್ನನ್ನೇ ಕೇಳಿದ. ಅವನಿಗೆ ನನ್ನ ಗುರುತಿಲ್ಲ ಅಂತ ಲೆಕ್ಕ ಹಾಕಿದವಳು ನಾನು.

ನೀರು ಇನ್ನೂ ಇಳಿದಿರಲಿಲ್ಲ. ಬಿಳಿ ಬಟ್ಟೆ ಕೆಂಪಾಗಿ ಹಾಗೇ ಕಟ್ಟಿಕೊಂಡಿತ್ತು. ಪಠಾಣ ಅಲ್ಲೇ ನಿಂತಿದ್ದ, ತುಟಿ ನೀಲಿಯಾಗಿತ್ತು. ಆಚೆ ಟೈಲರು ನನ್ನ ಬೋಗುಣಿ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದರು. ಹುಡುಗಿ ನೀರಿನ ಅಂಚಿನಲ್ಲಿ ನಿಂತಳು. ಅವಳು ಕವರನ್ನು ಒಮ್ಮೆ ನೋಡಿದಳು, ಓಡುವ ನೀರನ್ನು ನೋಡಿದಳು, ಆಮೇಲೆ ಅದನ್ನು ನನ್ನ ಕಡೆ ಚಾಚಿದಳು.

"ಆಂಟಿ, ದಾಟುವವರೆಗೆ ನೀವು ಹಿಡಿದುಕೊಳ್ಳಿ."

"ನಾನಾ?" ಅಂದೆ.

"ಮತ್ತೆ ಯಾರು?" ಅಂದಳು.

ಅದನ್ನು ಒಂದು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ. ಇನ್ನೊಂದು ಕೈಯಲ್ಲಿ ಬಟ್ಟೆ. ಈ ಸಲ ನಾನು ನೀರಿಗೆ ಹೆದರಲಿಲ್ಲ, ಹೆದರಲಿಕ್ಕೆ ಪುರುಸೊತ್ತು ಇರಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟೆ. ಹಿಂದಿನಿಂದ ಅವಳು ನನ್ನ ಸೆರಗು ಹಿಡಿದು ಬರುತ್ತಿದ್ದಳು. ಕ್ಷೌರದಂಗಡಿಯವನು, ನೀಲಿ ಬಾಗಿಲಿನ ಅಜ್ಜ, ಎಲ್ಲ ಆಚೆ ಬದಿಯಲ್ಲಿ ನಿಂತು ನೋಡುತ್ತಿದ್ದರು. ಹದಿನೇಳು ವರ್ಷದಲ್ಲಿ ನನ್ನನ್ನು ಕಾರಿನ ಗಾಜಿನೊಳಗೆ ಮಾತ್ರ ನೋಡಿದ ಜನ. ಆಚೆ ಕಾಲಿಟ್ಟ ಕೂಡಲೆ, ಟೈಲರು ಚಾಚಿದ ಕೈಯನ್ನೂ ಹಿಡಿಯದೆ, ಹಿಂದೆ ತಿರುಗಿ ಮೊದಲು ಅದನ್ನು ಅವಳ ಎರಡೂ ಕೈಗೆ ಕೊಟ್ಟೆ.